ಹೂ ಬಿಟ್ಟು ಕಾಯಿ ಕಟ್ಟದ ಚೆರ್ರಿ ಮರ

ನಿಮ್ಮ ಅಂಗಳದಲ್ಲೂ ಇಂಥದ್ದೊಂದು ಮರ ಇರಬಹುದು. ಹೂವು ಮೈತುಂಬ, ಹಣ್ಣಿಗೆಂದು ಕೈ ಚಾಚಿದರೆ ಬರೀ ಎಲೆ. ನಮ್ಮ ಮನೆಯ ಬಿಳಿ ಚೆರ್ರಿ ಐದು ವರ್ಷ ಹೀಗೇ ಮಾಡಿತು. ಏಪ್ರಿಲ್‌ನಲ್ಲಿ ಹಾದಿಹೋಕರು ನಿಂತು ನೋಡುವಷ್ಟು ಹೂವು. ಜೂನ್‌ನಲ್ಲಿ ಹತ್ತೋ ಹನ್ನೆರಡೋ ಹಣ್ಣು, ಅದೂ ಹಕ್ಕಿಗಳ ಪಾಲು.

ನಾನು ಗೇನಾ, ಊರಿಗೆ ಅಂಚೆ ಹಂಚುವವಳು. ಆ ಮರ ನನ್ನ ಅಮ್ಮ ನೆಟ್ಟದ್ದು. ನನ್ನ ಮಗಳು ಹುಟ್ಟಿದಾಗ ಅಮ್ಮ ಬೆಟ್ಟದಾಚೆಯ ತನ್ನ ಊರಿನಿಂದ ಸಸಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಅಮ್ಮ ಹೋಗಿ ಆರು ವರ್ಷ. ಅವಳ ಕೈಯದು ಅಂತ ನನಗೆ ಉಳಿದಿರುವುದು ಆ ಮರ ಮತ್ತು ಒಂದು ತಾಮ್ರದ ಬಾಣಲೆ. ಮರಕ್ಕೆ ಯಾರಾದರೂ ಕೊಡಲಿ ತೋರಿಸಿದರೆ ನನಗೆ ಸಹಿಸಲಾಗುವುದಿಲ್ಲ.

ಕೊಡಲಿ ತೋರಿಸುವುದು ನಮ್ಮಲ್ಲಿ ಪದ್ಧತಿ. ಡಿಸೆಂಬರ್‌ನಲ್ಲಿ ಇಗ್ನಾತ್ ಸಂತನ ದಿನ ಬೆಳಿಗ್ಗೆ ಮನೆಯ ಯಜಮಾನ ಕಾಯಿ ಬಿಡದ ಮರದ ಮುಂದೆ ಕೊಡಲಿ ಎತ್ತಿ, "ಬಿಡ್ತೀಯೋ, ಕಡೀಲೋ?" ಅಂತ ಮೂರು ಸಲ ಕೇಳಬೇಕು. ಪಕ್ಕದ ಮನೆಯವನು ಬೇಲಿಯಾಚೆಯಿಂದ, "ಕಡೀಬೇಡ, ಬರೋ ವರ್ಷ ಬಿಡುತ್ತೆ," ಅಂತ ಮರದ ಪರವಾಗಿ ಜಾಮೀನು ನಿಲ್ಲಬೇಕು. ಕೊಡಲಿಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ಮುಗಿಯಿತು. ಎಲ್ಲರೂ ನಕ್ಕು ಒಳಗೆ ಹೋಗುತ್ತಾರೆ.

ನನ್ನ ಗಂಡ ಲೋಜಾನ್ ಅಷ್ಟಕ್ಕೆ ನಕ್ಕು ಬಿಡುವ ಆಸಾಮಿಯಲ್ಲ. ಅವನು ಅಲಗಿನಿಂದಲೇ ಹೊಡೆಯುತ್ತಿದ್ದ. ಪಕ್ಕದ ಮನೆಯ ಮಿಂಚೊಗೂ ಅವನಿಗೂ ಮಾತು ನಿಂತುಹೋಗಿತ್ತು. ಹಾಗಾಗಿ ಜಾಮೀನು ನಿಲ್ಲುವ ಕೆಲಸವೂ ನನ್ನ ತಲೆಗೇ ಬಂದಿತ್ತು.

ಐದನೇ ವರ್ಷ ಕೊಡಲಿ ಎತ್ತಿದವನು ಇನ್ನೊಂದು ಮಾತು ಸೇರಿಸಿದ.

"ಇದೇ ಕೊನೆ ಗೇನಾ. ಬರೋ ಜೂನಲ್ಲಿ ಹಣ್ಣು ಕಾಣ್ಲಿಲ್ಲಾಂದ್ರೆ ಇದು ಒಲೆಗೆ. ನನ್ನ ಟೊಮೆಟೊಗೆ ಬಿಸಿಲೂ ಬಿಡಲ್ಲ, ತಾನು ಹಣ್ಣೂ ಬಿಡಲ್ಲ."

"ಕಡೀಬೇಡ, ಬರೋ ವರ್ಷ ಬಿಡುತ್ತೆ," ಅಂದೆ. ನನ್ನ ದನಿ ನನಗೇ ಅಳು ಬಂದ ಹಾಗೆ ಕೇಳಿಸಿತು.

"ಐದು ವರ್ಷದಿಂದ ಇದನ್ನೇ ಹಾಡ್ತಿದೀಯ," ಎಂದು ಅಲಗು ಬೀಸಿಯೇ ಬಿಟ್ಟ.

"ಏಯ್, ನಿಲ್ಲೋ!" ಎಂದು ಗೇಟಿನ ಹತ್ತಿರ ಒಂದು ಕೂಗು. ಏಪ್ರನ್ ತುಂಬ ಅಕ್ರೋಟು ಹೊತ್ತು ದಾಫಿನಕ್ಕ ನಿಂತಿದ್ದಳು. ಹಿಂದೆ ಸಹಕಾರಿ ತೋಟದಲ್ಲಿ ಕೃಷಿ ತಜ್ಞೆಯಾಗಿದ್ದವಳು, ಈಗ ಇಪ್ಪತ್ತು ಜೇನುಪೆಟ್ಟಿಗೆ ಇಟ್ಟುಕೊಂಡಿದ್ದಾಳೆ. ಎಪ್ಪತ್ತು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತೇ.

ಲೋಜಾನ್ ಕೊಡಲಿ ಇಳಿಸಿದ. "ಬಾ ದಾಫಿನಕ್ಕ. ಇವತ್ತು ನಮ್ಮ ಹೊಸ್ತಿಲು ದಾಟ್ತಿರೋದು ನೀನೇ ಮೊದಲು. ವರ್ಷವಿಡೀ ನಿನ್ನ ಕಾಲ್ಗುಣಾನೇ ಗತಿ."

"ನನ್ನ ಕಾಲ್ಗುಣ ಆಮೇಲೆ. ಮೊದಲು ನಿನ್ನ ಕೈಗುಣ ನೋಡ್ತೀನಿ. ಏನಿದು?"

ಅವಳು ಬೂಟು ಹಿಮದಲ್ಲಿ ಊರಿಕೊಂಡು ಕಾಂಡದ ಸುತ್ತ ಬೆರಳಾಡಿಸಿದಳು. ವರ್ಷಕ್ಕೆ ಮೂರರಂತೆ ಬಿದ್ದ ಏಟುಗಳು ಕಾಂಡದ ಅರ್ಧ ಸುತ್ತನ್ನು ಮೀರಿದ್ದವು. ಹಳೆಯ ಗಾಯಗಳಲ್ಲಿ ಜೇನಿನ ಬಣ್ಣದ ಅಂಟು ಒಸರಿ ಗಟ್ಟಿಯಾಗಿತ್ತು.

"ಚರ್ಮ ತಾನೇ," ಅಂದ ಲೋಜಾನ್. "ಒಳಗೆ ಮರ ಗಟ್ಟಿಮುಟ್ಟಾಗಿದೆ."

"ಚರ್ಮ ಅಲ್ವೋ, ಇದು ಗಂಟಲು. ನೀರು ಬೇರಿಂದ ಮೇಲಕ್ಕೆ ಹೋಗೋದು ಒಳಗಿನ ಕಟ್ಟಿಗೇಲಿ, ಸರಿ. ಆದ್ರೆ ಅಡುಗೆ ಎಲ್ಲಾಗುತ್ತೆ? ಎಲೇಲಿ. ಬಿಸಿಲು, ಗಾಳಿ, ನೀರು ಸೇರಿಸಿ ಎಲೆ ಅಡುಗೆ ಮಾಡುತ್ತೆ. ಆ ಊಟ ಕೆಳಗೆ ಬೇರಿಗೆ ಇಳಿಯೋದು ಈ ತೊಗಟೆಯ ಒಳಪದರದಲ್ಲಿ. ಸುತ್ತಲೂ ಬಳೆ ತೊಡಿಸಿದ ಹಾಗೆ ಕಡಿದ್ಯೋ, ಬೇರಿಗೆ ಉಪವಾಸ. ಬೇರು ಸತ್ರೆ ಮೇಲಿನ ಅಡುಗೆಮನೆಗೆ ನೀರು ಹೊರೋರ್ಯಾರು?"

"ಬೇರು ಮಣ್ಣು ತಿಂದು ಬದುಕುತ್ತೆ ಅಂತ ನಮ್ಮಪ್ಪ ಹೇಳ್ತಿದ್ದ."

"ನಿಮ್ಮಪ್ಪ ದೇವರಂಥವನು. ಆದ್ರೆ ಮಣ್ಣಿಂದ ಸಿಗೋದು ನೀರು, ಜೊತೆಗೆ ಚಿಟಿಕೆ ಉಪ್ಪು, ಅಷ್ಟೆ. ಬರೀ ಉಪ್ಪು ನೆಕ್ಕಿ ನೀನು ಬದುಕ್ತೀಯಾ?"

ಒಳಗೆ ಒಲೆಯ ಮೇಲೆ ಬೀನ್ಸ್ ಕಾಳಿನ ಸಾರು ಕುದಿಯುತ್ತಿತ್ತು. ಕೂತ ಮೇಲೆ ಲೋಜಾನ್ ತನ್ನ ಸೇವೆಯನ್ನೆಲ್ಲ ಹೇಳಿಕೊಂಡ. ಮರಕ್ಕೆ ಪ್ರತಿವರ್ಷ ಎರಡು ಗಾಡಿ ಕುರಿಗೊಬ್ಬರ. ಹೂ ಅರಳಿದ ಕೂಡಲೇ ರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಮೂರು ಸಲ ಸಿಂಪಡಣೆ. ಇನ್ನೇನು ಬೇಕಿತ್ತು ಈ ಮರಕ್ಕೆ?

ದಾಫಿನಕ್ಕ ಚಮಚ ಕೆಳಗಿಟ್ಟಳು. "ಹೂವಿನ ಮೇಲೇ ಹೊಡೀತೀಯಾ?"

"ಮತ್ತೆ? ಹೂವು ಚೆನ್ನಾಗಿದ್ರೆ ತಾನೇ ಕಾಯಿ."

"ಅಯ್ಯೋ ಮಾರಾಯ! ನನ್ನ ಜೇನು ನಿನ್ನ ಅಂಗಳದ ಕಡೆ ಯಾಕೆ ತಲೆ ಹಾಕಲ್ಲ ಅಂತ ಈಗ ಗೊತ್ತಾಯ್ತು. ಹೊಡೀಬೇಕಾದ್ರೆ ಎಲೆ ಉದುರಿದ ಮೇಲೆ ಹೊಡಿ, ಇಲ್ಲಾ ಮೊಗ್ಗು ಒಡೆಯೋ ಮುಂಚೆ ಹೊಡಿ. ಹೂ ಅರಳಿದಾಗ ಏನೂ ಬೇಡ. ಗೊಬ್ಬರಾನೂ ಅಷ್ಟೇ. ಅತಿಯಾಗಿ ಉಂಡ ಮರ ಮೈ ಬೆಳೆಸುತ್ತೆ, ಮಕ್ಕಳ ಯೋಚನೆ ಮಾಡಲ್ಲ."

"ಹಾಗಾದ್ರೆ ಇದನ್ನೆಲ್ಲ ಬಿಟ್ರೆ ಹಣ್ಣು ಬರುತ್ತಾ?"

"ಇದಿಷ್ಟೇ ಕಾರಣ ಅಂತ ನನಗೆ ಅನ್ಸಲ್ಲ. ಹೂ ಬರ್ಲಿ, ನೋಡ್ತೀನಿ."

"ನೋಡು. ಆದ್ರೆ ಕೊಡಲಿ ಕಾಯೋದು ಜೂನ್‌ವರೆಗೆ ಮಾತ್ರ," ಅಂದ ಲೋಜಾನ್. ಒಂದು ಸಲ ಅಂದನೆಂದರೆ ಅಂದ, ಅವನ ಮಾತು ನನಗೆ ಗೊತ್ತು.

ಏಪ್ರಿಲ್ ಎರಡನೇ ವಾರ ಮರ ಬೆಳ್ಳಗಾಯಿತು. ದಾಫಿನಕ್ಕ ಬಂದವಳೇ ಒಂದು ಹೂ ಕಿತ್ತು ಲೋಜಾನ್‌ನ ಅಂಗೈಯ ಮೇಲಿಟ್ಟು, ದಳಗಳನ್ನು ಬಿಡಿಸಿದಳು.

"ಸುತ್ತ ಇರೋ ಈ ಎಳೆಗಳ ತುದೀಲಿ ಹಳದಿ ಪುಡಿ ಇದೆಯಲ್ಲ, ಅದು ಪರಾಗ. ನಡುವೆ ಒಂದೇ ಒಂದು ದಂಟು, ಅದರ ತುದಿ ಅಂಟಂಟು. ಅದರ ಬುಡದಲ್ಲಿ ಏನಿದೆ?"

ಲೋಜಾನ್ ಕನ್ನಡಕ ಮೇಲೇರಿಸಿ ನೋಡಿದ. "ಹಸಿರು ಮಣಿ. ಸಾಸಿವೆಯಷ್ಟು."

"ಅದೇ ನಿನ್ನ ಚೆರ್ರಿ ಹಣ್ಣು. ಪುಡಿ ಬಂದು ಆ ಅಂಟಿನ ಮೇಲೆ ಕೂತ್ರೆ ಮಣಿ ದಪ್ಪಗಾಗುತ್ತೆ. ಕೂರ್ಲಿಲ್ಲ ಅಂದ್ರೆ ಹಳದಿಯಾಗಿ ಉದುರುತ್ತೆ."

"ಇಷ್ಟೊಂದು ಹೂವಿದೆ. ಪುಡಿಗೇನು ಬರಗಾಲ?"

"ತನ್ನ ಪುಡಿ ಈ ಮರಕ್ಕೆ ಆಗಲ್ಲ. ಬೇರೆ ಜಾತಿ ಚೆರ್ರಿಯದ್ದೇ ಬೇಕು. ನಿನ್ನ ಮಗಳಿಗೆ ಗಂಡು ಹುಡುಕ್ಬೇಕಾದ್ರೆ ನಿನ್ನ ಮನೆಯೊಳಗೇ ಹುಡುಕಿದ್ಯಾ? ಊರು ಬಿಟ್ಟು ಊರಿಗೆ ಹೋದ್ಯೋ ಇಲ್ವೋ? ಈ ಮರಕ್ಕೆ ಆ ಓಡಾಟ ಮಾಡಿಕೊಡೋ ದಲ್ಲಾಳಿ ಜೇನುಹುಳ."

"ಮೇಲಿನ ಬೀದೀಲಿ ಚೆರ್ರಿ ಇದೆಯಲ್ಲ?"

"ಅದು ಹುಳಿ ಚೆರ್ರಿ. ಅದು ಅರಳೋ ಹೊತ್ತಿಗೆ ನಿಂದು ಉದುರಿರುತ್ತೆ. ಗಂಡು ಬರೋ ಹೊತ್ತಿಗೆ ಚಪ್ಪರ ಬಿಚ್ಚಿದ ಹಾಗೆ." ದಾಫಿನಕ್ಕ ನನ್ನ ಕಡೆ ತಿರುಗಿದಳು. "ಗೇನಾ, ಮೊದಲು ಇದು ಬಿಡ್ತಿತ್ತಲ್ಲ? ಆಗ ಇಲ್ಲಿ ಹತ್ತಿರದಲ್ಲಿ ಯಾವ ಮರ ಇತ್ತು?"

ನಾನು ಬೇಲಿಯ ಕಡೆ ನೋಡಿದೆ. ಲೋಜಾನ್ ತನ್ನ ಬೂಟು ನೋಡಿಕೊಂಡ.

ಬೇಲಿಯಾಚೆ ಮಿಂಚೊನ ಕಪ್ಪು ಚೆರ್ರಿ ಇತ್ತು. ಅದರ ಕೊಂಬೆ ನಮ್ಮ ಟೊಮೆಟೊ ಸಾಲಿನ ಮೇಲೆ ಚಾಚಿತ್ತು. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಲೋಜಾನ್ ಬೇಲಿಗೆ ಒರಗಿ ಒಂದು ತಿಂಗಳು ಕೂಗಾಡಿದ್ದ, ಪುರಸಭೆಗೆ ದೂರು ಕೊಡುತ್ತೇನೆ ಅಂದಿದ್ದ. ಕೊನೆಗೊಂದು ದಿನ ಮಿಂಚೊ ತಾನೇ ಮರ ಉರುಳಿಸಿ, ಒಂದು ತುಂಡನ್ನು ನಮ್ಮ ಅಂಗಳಕ್ಕೆ ಎಸೆದು, "ತಗೋ, ನಿನ್ನ ಬಿಸಿಲು," ಅಂದಿದ್ದ. ಮಾತು ನಿಂತದ್ದು ಆ ದಿನ. ಮರುವರ್ಷದಿಂದ ಹಣ್ಣೂ ನಿಂತಿತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮಗಿಬ್ಬರಿಗೂ ಬರಲಿಲ್ಲ. ಗಂಡನನ್ನೊಬ್ಬನನ್ನೇ ಬೈದು ಏನು ಪ್ರಯೋಜನ? ಆಗ ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಟೊಮೆಟೊ ನನಗೂ ಬೇಕಿತ್ತು.

"ಮಿಂಚೊ ಆ ಮರದ ಬೇರಿನ ಚಿಗುರು ಕಿತ್ತು ಬೆಟ್ಟದ ಮೇಲಿನ ದ್ರಾಕ್ಷಿ ತೋಟದಲ್ಲಿ ನೆಟ್ಟಿದಾನೆ," ಅಂದಳು ದಾಫಿನಕ್ಕ. "ನನ್ನ ಪೆಟ್ಟಿಗೆಗಳು ಇರೋದು ಅದರ ಪಕ್ಕದಲ್ಲೇ. ಈಗ ಹೂ ಬಿಟ್ಟಿದೆ. ಅದರದ್ದು ನಾಲ್ಕು ಕೊಂಬೆ ತಂದು ನೀರಿನ ಬಕೆಟ್‌ನಲ್ಲಿಟ್ಟು ಈ ಮರಕ್ಕೆ ನೇತುಹಾಕಿದ್ರೆ ಈ ವರ್ಷದ ಮಟ್ಟಿಗೆ ಸಾಕು. ಆದ್ರೆ ಹೂ ಇರೋದು ಇನ್ನೊಂದು ವಾರ."

"ಮರ ಬೇಕಾದ್ರೆ ಇವತ್ತೇ ಕಡೀತೀನಿ," ಅಂದ ಲೋಜಾನ್. "ಅವನ ಬಾಗಿಲು ಮಾತ್ರ ತಟ್ಟಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಸರಿ, ಕಡಿ. ಆದ್ರೆ ಕಾಯಿ ಬಿಡ್ಲಿಲ್ಲ ಅಂತ ಕಡಿದೆ ಅನ್ಬೇಡ. ಒಂದು ಬಾಗಿಲು ತಟ್ಟೋಕೆ ಆಗದೆ ನಮ್ಮಮ್ಮನ ಮರ ಕಡಿದೆ ಅನ್ನು. ನೀನು ಹೇಳ್ದೇ ಇದ್ರೂ ಪರವಾಗಿಲ್ಲ. ಅಂಚೆ ಕೊಡೋಕೆ ಮನೆಮನೆಗೂ ಹೋಗೋಳು ನಾನೇ ಅಲ್ವಾ?"

ದಾಫಿನಕ್ಕ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದಳು.

ಸಂಜೆ ಲೋಜಾನ್ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾದ ಬಾಟಲಿಯೊಂದನ್ನು ಕಂಕುಳಲ್ಲಿಟ್ಟು ಹೊರಟ. ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆ. ಮಿಂಚೊ ಬಾಗಿಲು ತೆರೆದವನು ದಾರಿ ಬಿಡಲಿಲ್ಲ.

"ಏನು? ನಮ್ಮ ಚಿಮಣಿ ನೆರಳೂ ನಿನ್ನ ಟೊಮೆಟೊ ಮೇಲೆ ಬಿತ್ತಾ?"

"ಕೊಂಬೆ ಬೇಕಿತ್ತು."

"ಯಾವ ಕೊಂಬೆ?"

"ಚೆರ್ರಿದು. ಹೂವಿರೋದು."

"ಓಹೋ! ಕಡಿಸಿದವನೇ ಕೇಳೋಕೆ ಬಂದಿದಾನೆ. ಜೊತೇಲಿ ಕೊಡಲೀನೂ ತಂದಿದೀಯಾ?"

ಲೋಜಾನ್‌ನ ಕಿವಿ ಕೆಂಪಗಾಯಿತು. "ತಪ್ಪಾಯ್ತು ಮಿಂಚೊ," ಅಂದ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ಮಿಂಚೊ ಬಾಟಲಿಯನ್ನೊಮ್ಮೆ ನೋಡಿದ. ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದ. "ಬಾಟ್ಲಿ ಒಳಗೆ ತಾ. ಬೀದೀಲಿ ನಿಂತು ಅದನ್ನ ಯಾಕೆ ಬೆಚ್ಚಗೆ ಮಾಡ್ತೀಯ?"

ಮರುದಿನ ಬೆಳಿಗ್ಗೆ ಇಬ್ಬರೂ ಬೆಟ್ಟಕ್ಕೆ ಹೋಗಿ ಕೊಂಬೆ ತಂದರು. ಮೂರು ಬಕೆಟ್‌ಗಳಲ್ಲಿ ನೀರು ತುಂಬಿ, ಕೊಂಬೆಗಳನ್ನಿಟ್ಟು, ಮರದ ನಡುಮಟ್ಟದಲ್ಲಿ ಕಟ್ಟಿದರು. ದಾಫಿನಕ್ಕ ಒಂದು ಜೇನುಪೆಟ್ಟಿಗೆ ತಂದು ಅಂಗಳದಲ್ಲಿಟ್ಟಳು. ಆದರೆ ಎರಡು ದಿನ ತಣ್ಣನೆ ಗಾಳಿ ಬೀಸಿತು, ಒಂದು ಹುಳುವೂ ಹೊರಬರಲಿಲ್ಲ. ನಾನು ಬಕೆಟ್ ನೀರು ಬದಲಿಸುತ್ತ, ಉದುರುವ ದಳಗಳನ್ನು ನೋಡುತ್ತ, ಅಮ್ಮನನ್ನು ನೆನೆಯುತ್ತ ಓಡಾಡಿದೆ. ಭಯವಾಗಿತ್ತು, ಸುಳ್ಳು ಹೇಳಲಾರೆ.

ಮೂರನೇ ದಿನ ಬಿಸಿಲು ಬಂತು. ಅಂಚೆ ಚೀಲ ಹೆಗಲಿಗೇರಿಸಿ ಹೊರಟವಳು ಅಂಗಳದಲ್ಲೇ ನಿಂತುಬಿಟ್ಟೆ. ಇಡೀ ಮರ ಗುಂಯ್‌ಗುಡುತ್ತಿತ್ತು. ಆ ದಿನ ಊರಿನ ಕಾಗದಗಳೆಲ್ಲ ಅರ್ಧ ಗಂಟೆ ತಡವಾಗಿ ತಲುಪಿದವು.

ದಳ ಉದುರಿದ ಮೇಲೆ ಲೋಜಾನ್ ದಿನಾ ಏಣಿ ಹತ್ತಿ ಹಸಿರು ಮಣಿ ನೋಡತೊಡಗಿದ. ಹಿಂದಿನ ವರ್ಷಗಳಲ್ಲಿ ಮೇ ಮೊದಲ ವಾರಕ್ಕೆ ಹೆಚ್ಚುಕಡಿಮೆ ಎಲ್ಲ ಹಳದಿಯಾಗಿ ಉದುರುತ್ತಿದ್ದವು. ಈ ಸಲ ಕೆಲವು ಉದುರಿದವು, ಬಹಳಷ್ಟು ನಿಂತವು. ಜೂನ್‌ನಲ್ಲಿ ಮೂರು ಬಕೆಟ್ ಹಣ್ಣು ಸಿಕ್ಕಿತು. ಕೊಂಬೆ ಇಟ್ಟಿದ್ದ ಅದೇ ಬಕೆಟ್‌ಗಳು. ಅಮ್ಮನ ತಾಮ್ರದ ಬಾಣಲೆಯಲ್ಲಿ ಹಣ್ಣನ್ನು ಸಕ್ಕರೆಪಾಕಕ್ಕೆ ಹಾಕಿದೆ. ಮೊದಲ ಬಟ್ಟಲು ಬೇಲಿಯಾಚೆಗೆ ಹೋಯಿತು. ಆಗಸ್ಟ್‌ನಲ್ಲಿ ದಾಫಿನಕ್ಕ ಮಿಂಚೊನ ಕಪ್ಪು ಚೆರ್ರಿಯ ಮೂರು ಚಿಗುರುಕಣ್ಣು ತಂದು ನಮ್ಮ ಮರದ ಕೊಂಬೆಗೆ ಕಸಿ ಕಟ್ಟಿದಳು. ಆ ಕಣ್ಣುಗಳು ಕೊಂಬೆಯಾಗಿ ಹೂ ಬಿಡುವವರೆಗೆ ಬಕೆಟ್ ಇದ್ದೇ ಇದೆ.

ಮತ್ತೆ ಇಗ್ನಾತ್ ಸಂತನ ದಿನ ಬಂತು. ಲೋಜಾನ್ ಕೊಡಲಿ ತಂದಾಗ ನಾನೂ ಹಿಂದೆಯೇ ಅಂಗಳಕ್ಕೆ ಬಂದೆ. ಅವನು ಹಿಂಬದಿಯಿಂದ ಮೆಲ್ಲಗೆ, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ, "ಬಿಡ್ತೀಯೋ, ಕಡೀಲೋ?" ಅಂದ.

ಬೇಲಿಯಾಚೆಯಿಂದ ಮಿಂಚೊನ ದನಿ ಬಂತು. "ಕಡೀಬೇಡ್ವೋ! ಒಂದು ಮರ ಕಡಿಸಿ ಐದು ವರ್ಷ ಅನುಭವಿಸಿದ್ದು ಸಾಕಾಗ್ಲಿಲ್ವಾ?"

ನಾನು ಜಾಮೀನು ನಿಲ್ಲಬೇಕಾಗಿರಲಿಲ್ಲ. ನಿಂತು ನಕ್ಕೆ, ಕಣ್ಣು ಒರೆಸಿಕೊಂಡೆ.

ಈ ಕಥೆ ಓದಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹೂ ಬಿಟ್ಟೂ ಕಾಯಿ ಕಟ್ಟದ ಮರ ನಿಮ್ಮಲ್ಲಿದ್ದರೆ ಅದನ್ನು ಬೈಯಬೇಡಿ. ಅದಕ್ಕೆ ಜೊತೆ ಇದೆಯೇ, ಆ ಜೊತೆ ಅದೇ ಹೊತ್ತಿಗೆ ಅರಳುತ್ತದೆಯೇ ಎಂದು ತಿಳಿದವರನ್ನು ಕೇಳಿ. ಎಲ್ಲ ಮರಕ್ಕೂ ಜೊತೆ ಬೇಕಿಲ್ಲ, ಸಿಹಿ ಚೆರ್ರಿ, ಸೇಬು, ಪಿಯರ್‌ಗಳಲ್ಲಿ ಹೆಚ್ಚಿನವಕ್ಕೆ ಬೇಕು. ಹೂವಿದ್ದಾಗ ಔಷಧಿ ಹೊಡೆದು ಜೇನನ್ನು ಓಡಿಸಬೇಡಿ. ಗೊಬ್ಬರ ಹದವಾಗಿರಲಿ. ತೊಗಟೆಗೆ ಕತ್ತಿ, ತಂತಿ, ಕೊಡಲಿ ಯಾವುದೂ ತಾಗದಿರಲಿ. ಇಷ್ಟೆಲ್ಲ ಮಾಡಿದ ಮೇಲೂ ಕೈ ಕೊಡಲಿಯ ಕಡೆಗೇ ಹೋದರೆ, ಎತ್ತುವ ಮೊದಲು ಒಮ್ಮೆ ಬೇಲಿಯಾಚೆ ನೋಡಿ. ಅಲ್ಲಿ ಮೊದಲು ಯಾವ ಮರ ಇತ್ತು, ಅದನ್ನು ಕಡಿಸಿದವರು ಯಾರು?