ಲಾರಿಯಮ್ಮ ಕೇಳಿದ ಬಾಳೆ

ಊರಿನ ಅರ್ಧ ಜನಕ್ಕೆ ಅವನ ನಿಜವಾದ ಹೆಸರೇ ಗೊತ್ತಿರಲಿಲ್ಲ. ಮದುವೆ ಮನೆಗೇ ಹೋಗಲಿ, ಸಾವಿನ ಮನೆಗೇ ಹೋಗಲಿ, ಕತ್ತು ಉದ್ದ ಮಾಡಿ ಹಿತ್ತಲ ಕಡೆ ಒಮ್ಮೆ ಇಣುಕದೆ ಇರುತ್ತಿರಲಿಲ್ಲ. ತನ್ನಲ್ಲಿಲ್ಲದ ಜಾತಿಯ ಬಾಳೆ ಅಲ್ಲೊಂದು ಕಂಡರೆ ಸಾಕು, "ಒಂದು ಕಂದು ಕೊಡ್ತೀರಾ?" ಎಂದು ಕೇಳಿಬಿಡುತ್ತಿದ್ದ. ಬುಡದಲ್ಲಿ ಏಳುವ ಮರಿಗಿಡಕ್ಕಾಗಿ ಹೀಗೆ ಕಂಡಕಂಡಲ್ಲಿ ಕೈಚಾಚಿ ಅವನಿಗೆ ಕಂದಪ್ಪ ಎಂಬ ಹೆಸರು ಅಂಟಿಕೊಂಡಿತು. ಬಾಳೆಯ ಕರೆ ಅಂಗಿಗೆ ಅಂಟಿದ ಹಾಗೆ, ಮತ್ತೆ ಹೋಗಲೇ ಇಲ್ಲ.

ತೋಟ ದೊಡ್ಡದೇನಲ್ಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯಿಂದ ಅತ್ತಿಗೆ ಓಗೊಡುವಷ್ಟು. ಒಂದು ಪಕ್ಕಕ್ಕೆ ಹಳ್ಳ, ಇನ್ನೊಂದು ಪಕ್ಕಕ್ಕೆ ಟಾರು ರಸ್ತೆ. ರಸ್ತೆ ಅಂಚಿಗೆ ತಗಡಿನ ಶೆಡ್ಡು. ಕಡಿದ ಗೊನೆಗಳಿಗೆ ಪೆಟ್ಟಾಗದ ಹಾಗೆ ಅದರೊಳಗೆ ಒಣಗಿದ ಬಾಳೆಎಲೆ ಹಾಸಿ ಸಾಲಾಗಿ ಇಡುತ್ತಿದ್ದರು. ಅಣ್ಣ ತೀರಿಕೊಂಡಾಗ ಕಂದಪ್ಪನಿಗೆ ಹೆಣ್ಣು ನೋಡುವ ಮಾತು ನಡೆದಿತ್ತು. ಆ ಮಾತು ಅಲ್ಲಿಗೇ ನಿಂತಿತು. ಅಣ್ಣನ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಒಂದು ದಡ ಸೇರಿಸುವ ಹೊತ್ತಿಗೆ ಅವನ ಮೀಸೆಯಲ್ಲಿ ಬಿಳಿಕೂದಲು ಇಣುಕಿದ್ದವು. ಈಗ ಮನೆಯಲ್ಲಿ ಅವನು ಮತ್ತು ಅತ್ತಿಗೆ, ಇಬ್ಬರೇ. ಅತ್ತಿಗೆ ಬಾಯಿ ಜೋರು, ಮನಸ್ಸು ಮೆತ್ತಗೆ. ಮೈದುನ ಊಟಕ್ಕೆ ತಡವಾಗಿ ಬಂದರೆ, "ಬಂದೆಯಾ, ಗಿಡಗಳೆಲ್ಲ ಉಂಡುವಾ?" ಎಂದೇ ತಟ್ಟೆ ಇಡುತ್ತಿದ್ದಳು.

ವಾರಕ್ಕೊಮ್ಮೆ ಗೊನೆ ಒಯ್ಯಲು ಬರುತ್ತಿದ್ದವಳು ಲಾರಿಯಮ್ಮ. ಗಂಡ ಸತ್ತ ಮೇಲೆ ಅವನ ಸಣ್ಣ ಲಾರಿಯ ಸ್ಟೀರಿಂಗನ್ನು ತಾನೇ ಹಿಡಿದ ಹೆಂಗಸು. ಮಗಳೊಬ್ಬಳಿದ್ದಳು, ಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಮೊದಲ ಸಲ ಬಂದ ದಿನವೇ ಲಾರಿಯಮ್ಮ ಕಂದಪ್ಪನನ್ನು ದಂಗುಬಡಿಸಿದ್ದಳು. ಬೇರೆ ವ್ಯಾಪಾರಿಗಳು ಗೊನೆಯ ಕಾಯಿ ಹಿಚುಕಿ ನೋಡಿದರೆ, ಅವಳು ಬಗ್ಗಿ, ಕಡಿದ ದಂಟಿನ ತುದಿಯನ್ನು ಮೂಸಿದ್ದಳು.

"ಏನು ಗೊತ್ತಾಗುತ್ತೆ ಅದರಿಂದ?" ಎಂದು ಕೇಳಿದ್ದ.

"ಏನೂ ಇಲ್ಲ. ಈ ವಾಸನೆ ನನಗಿಷ್ಟ, ಅಷ್ಟೇ."

ಆಮೇಲೆ ಅವಳು ಬರುವ ದಿನ ಕಂದಪ್ಪ ಬೆಳಿಗ್ಗೆಯೇ ಗಡ್ಡ ಹೆರೆದುಕೊಳ್ಳುತ್ತಿದ್ದ. ಅತ್ತಿಗೆ ನೋಡಿಯೂ ನೋಡದ ಹಾಗೆ ಇದ್ದಳು.

ಒಂದು ಮಧ್ಯಾಹ್ನ ಲಾರಿಯ ಇಂಜಿನ್ನು ಕಾದು ಹೊಗೆ ಬಂದು, ಅದು ತಣಿಯುವವರೆಗೆ ಅವಳು ಶೆಡ್ಡಿನಲ್ಲೇ ಕೂರಬೇಕಾಯಿತು. ಕಂದಪ್ಪ ಚಹಾ ತಂದುಕೊಟ್ಟ. ಏಲಕ್ಕಿ ಬಾಳೆಯ ಒಂದು ಹಣ್ಣು ಸುಲಿದು ತಿನ್ನುತ್ತ ಅವಳು ತಾನಾಗಿಯೇ ಮಾತು ತೆಗೆದಳು.

"ಚಿಕ್ಕವಳಿದ್ದಾಗ ನಮ್ಮಜ್ಜಿ ಮನೆ ಹಿತ್ತಲಲ್ಲಿ ಒಂದು ಬಾಳೆ ಇತ್ತು. ಬಟ್ಟೆ ಒಗೆಯೋ ಕಲ್ಲಿನ ಪಕ್ಕ. ಹಣ್ಣು ಗಿಡ್ಡಕ್ಕೆ, ದಪ್ಪಕ್ಕೆ. ಸಿಪ್ಪೆ ಎಷ್ಟು ತೆಳು ಅಂದ್ರೆ, ಹಣ್ಣಾಗ್ತಿದ್ದ ಹಾಗೇ ತಾನೇ ಬಿರಿದುಬಿಡೋದು. ಒಳಗೆ ಅಲ್ಲಲ್ಲಿ ಸಣ್ಣ ಬೀಜ, ಹಲ್ಲಿಗೆ ಸಿಕ್ಕಿದ್ರೆ ಕಟಕ್ ಅನ್ನೋದು. ಅಮ್ಮ ಹೋದ ಮೇಲೆ ನನ್ನನ್ನ ಸೋದರಮಾವನ ಮನೆಗೆ ಕರಕೊಂಡು ಬಂದ್ರು. ಆ ಮನೆಗೆ ಮತ್ತೆ ಹೋಗಲೇ ಇಲ್ಲ. ಆ ಹಣ್ಣನ್ನೂ ಮತ್ತೆ ತಿನ್ನಲಿಲ್ಲ."

"ಅದರ ಹೆಸರೇನು?"

"ನಾವು ಬಾಳೆಹಣ್ಣು ಅಂತಷ್ಟೇ ಅಂತಿದ್ವಿ," ಎಂದು ನಕ್ಕಳು. "ಬೇರೆ ಥರದ್ದೂ ಇರುತ್ತೆ ಅಂತ ಗೊತ್ತಿದ್ರೆ ತಾನೇ ಹೆಸರಿಡೋದು?"

ಅವಳು ಹಾಗೆಂದು ಲಾರಿ ಹತ್ತಿ ಹೊರಟುಹೋದಳು. ಕಂದಪ್ಪ ಮಾತ್ರ ಅವಳು ಇಟ್ಟುಹೋದ ಲೋಟ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ನಿಂತಿದ್ದ.

ಅಲ್ಲಿಂದ ಶುರುವಾಯಿತು ಅವನ ಹುಡುಕಾಟ. ಅದುವರೆಗೆ ಶೋಕಿಗೆ ಕಂದು ಕೇಳುತ್ತಿದ್ದವನು ಈಗ ಬಸ್ಸು ಹತ್ತಿ ಹೋಗಿ ಕೇಳತೊಡಗಿದ. ಯಾರೋ ಗುಡ್ಡದಾಚೆ ಒಂದು ಗಿಡ್ಡ ಬಾಳೆ ಇದೆ ಎಂದರು, ಹೋದ. ಯಾರೋ ತಮ್ಮ ಬಾವಿಕಟ್ಟೆಯ ಹತ್ತಿರ ಬೀಜದ ಬಾಳೆ ಇದೆ ಎಂದರು, ಅಲ್ಲಿಗೂ ಹೋದ. ಅಗಲ ಎಲೆಯ ಕಂದುಗಳನ್ನು ಬಿಟ್ಟು, ಕತ್ತಿಯ ಹಾಗೆ ಕಿರಿದಾದ ಎಲೆಯ ಗಟ್ಟಿ ಕಂದನ್ನೇ ಗಡ್ಡೆಸಮೇತ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದ. ಕೆಂಬಾಳೆ ಬಂತು, ಬೂದುಬಾಳೆ ಬಂತು, ಚಿಪ್ಪು ತುಂಬ ಬೆರಳುಗಾತ್ರದ ಹಣ್ಣು ಬಿಡುವ ಒಂದು ಕುಳ್ಳ ಗಿಡ ಬಂತು, ಹೆಸರೇ ಇಲ್ಲದವೂ ಬಂದವು. ಪ್ರತಿಯೊಂದೂ ಬೇರು ಬಿಟ್ಟು, ಬೆಳೆದು, ಹೂವಿನ ಮೂತಿ ಹಾಕಿ, ಕಾಯಿ ಬಲಿಯಲು ವರ್ಷದ ಮೇಲಾಗುತ್ತಿತ್ತು. ಕಾಯುವುದೆಂದರೆ ಅವನಿಗೆ ಹೊಸದೇನಲ್ಲ.

ಹೊಸ ಜಾತಿಯ ಮೊದಲ ಗೊನೆ ಹಣ್ಣಾದಾಗ ಒಂದು ಚಿಪ್ಪು ಲಾರಿಯಮ್ಮನಿಗೆ. ಅವಳು ಅದನ್ನು ಲಾರಿಯ ಮೆಟ್ಟಿಲ ಮೇಲೆ ಕೂತು, ಆತುರಪಡದೆ ಸುಲಿದು, ಕಣ್ಣುಮುಚ್ಚಿ ತಿನ್ನುತ್ತಿದ್ದಳು. ಕಂದಪ್ಪ ಎಲ್ಲೋ ನೋಡುವವನ ಹಾಗೆ ಅವಳನ್ನೇ ನೋಡುತ್ತಿದ್ದ.

"ಚೆನ್ನಾಗಿದೆ," ಎನ್ನುತ್ತಿದ್ದಳು ಕಣ್ಣುಬಿಟ್ಟು. "ಆದ್ರೆ ಇದಲ್ಲ."

ಅವನಿಗೆ ಬೇಸರವಾಗುತ್ತಿತ್ತು. ಬೇಸರದ ಕೆಳಗೆ ಸಮಾಧಾನವೂ ಆಗುತ್ತಿತ್ತು. ಹಾಗಾದರೆ ಇನ್ನೊಂದು ತರಬಹುದು, ಇನ್ನೊಂದು ವರ್ಷ ಕಾಯಬಹುದು.

ಒಂದು ದಿನ ಅತ್ತಿಗೆ ಕಳೆ ಕೀಳುತ್ತಿದ್ದವಳು ಸೊಂಟ ನೇರ ಮಾಡಿಕೊಂಡು ಹೇಳಿಯೇಬಿಟ್ಟಳು. "ಅಲ್ಲ ಕಣೋ, ಬಾಯಲ್ಲಿ ಹೇಳೋ ಮಾತನ್ನ ಹೀಗೆ ನೆಲದಲ್ಲಿ ನೆಡ್ತಾ ಹೋದ್ರೆ ಅವಳಿಗೆ ಹ್ಯಾಗೆ ಗೊತ್ತಾಗಬೇಕು?"

"ಏನು ಮಾತು ಅತ್ತಿಗೆ?"

"ಏನೂ ಇಲ್ಲಪ್ಪ. ಆ ಕಡೆ ಸಾಲಿಗೆ ನೀರು ಬಿಡು ಹೋಗು."

ಅವನು ಹೇಳಬೇಕೆಂದುಕೊಳ್ಳದೆ ಇರಲಿಲ್ಲ. ಲಾರಿ ತಿರುವಿನಲ್ಲಿ ಹಾರನ್ ಹೊಡೆಯುವವರೆಗೆ ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವಳು ಕೆಳಗಿಳಿದು, ಕೊಳೆಯಾದ ಸೆರಗಿನಿಂದ ಮುಖ ಒರೆಸಿಕೊಂಡು, "ಏನ್ ಕಂದಪ್ಪನವರೇ, ಗಾಳಿಗೆ ಎಷ್ಟು ಬಿದ್ವು?" ಎಂದು ಕೇಳಿದ ಕೂಡಲೇ ಅದು ಎಲ್ಲೋ ಜಾರಿಹೋಗುತ್ತಿತ್ತು. ಬಿದ್ದ ಗಿಡಗಳ ಲೆಕ್ಕವನ್ನೇ ಹೇಳುತ್ತಿದ್ದ.

ಹೀಗೆ ವರ್ಷಗಳು ಸರಿದವು. ಒಂದು ವಾರ ತಿರುವಿನಲ್ಲಿ ಹಾರನ್ ಕೇಳಿಸಿತು. ಲಾರಿಯೂ ಅದೇ, ಆದರೆ ಇಳಿದವನು ಒಬ್ಬ ಗುಂಗುರುಕೂದಲಿನ ಗಂಡಸು. "ಲಾರಿ ನಾನು ತಗೊಂಡಿದ್ದೀನಿ. ಆ ಅಮ್ಮ ಬಿಟ್ಟುಬಿಟ್ರು," ಎಂದ. ಕಂದಪ್ಪ ತಲೆಯಾಡಿಸಿದ. ಯಾಕೆ ಎಂದು ಕೇಳಲಿಲ್ಲ, ಎಲ್ಲಿದ್ದಾಳೆ ಎಂದೂ ಕೇಳಲಿಲ್ಲ. ಗೊನೆಗಳನ್ನು ಒಂದೊಂದಾಗಿ ಎತ್ತಿಕೊಟ್ಟ. ಹೊಸಬ ಅವನ್ನು ಸೌದೆಯ ಹಾಗೆ ಎಸೆದು ಪೇರಿಸಿದ. ಕಂದಪ್ಪ ಮುಂದಿನ ಗೊನೆ ಎತ್ತಿಕೊಟ್ಟ.

ಆಮೇಲೆ ತೋಟದ ಕೆಲಸ ನಡೆಯುತ್ತಿತ್ತು, ಕೈ ಮಾಡುತ್ತಿತ್ತು, ಅವನು ಅದರಲ್ಲಿ ಇರಲಿಲ್ಲ. ಕಡಿಯಬೇಕಾದ ಗೊನೆ ಗಿಡದಲ್ಲೇ ಹಣ್ಣಾಗಿ ಹಕ್ಕಿಗಳ ಪಾಲಾಯಿತು. ಲಾರಿ ಬರುವ ದಿನವೂ ಗಡ್ಡ ಹಾಗೇ ಇರುತ್ತಿತ್ತು. ಅತ್ತಿಗೆ ಬಡಿಸಿದ್ದನ್ನು ತಿನ್ನುತ್ತಿದ್ದ, ಉಪ್ಪಿಲ್ಲದಿದ್ದರೂ ತಿನ್ನುತ್ತಿದ್ದ. ಒಂದು ದಿನ ಅವಳು ಬೇಕೆಂದೇ ಉಪ್ಪು ಹಾಕಿರಲಿಲ್ಲ. ಅವನು ಕೈತೊಳೆದು ಎದ್ದುಹೋದ ಮೇಲೆ ಒಬ್ಬಳೇ ಕೂತು ಕಣ್ಣೊರೆಸಿಕೊಂಡಳು.

ಆ ಹೊತ್ತಿಗೆ ಹಳ್ಳದ ದಂಡೆಯ ಒಂದು ಬಡಕಲು ಗಿಡ ಮೂತಿ ಹಾಕಿತ್ತು. ಅದನ್ನು ಅವನು ತಂದದ್ದು ಹಾಳುಬಿದ್ದ ಇಟ್ಟಿಗೆ ಗೂಡಿನ ಹಿಂದಿನಿಂದ. ಬಸ್ಸಿನ ಕಿಟಕಿಯಿಂದ ಅದರ ಎಲೆಯ ಬಣ್ಣ ಬೇರೆ ಥರ ಕಂಡು, ಮುಂದಿನ ನಿಲ್ದಾಣದಲ್ಲಿ ಇಳಿದು ಅಷ್ಟು ದೂರ ಹಿಂದಕ್ಕೆ ನಡೆದಿದ್ದ. ಲಾರಿಯಮ್ಮ ಬರುವುದು ನಿಂತ ಮೇಲೆ ಅದರ ಬಗ್ಗೆ ಅವನಿಗೇನೂ ಆಸೆ ಉಳಿದಿರಲಿಲ್ಲ. ಆದರೂ ಗೊನೆ ಬಾಗಿದಾಗ ಅಭ್ಯಾಸಬಲದಿಂದ ಕವೆಗೋಲು ಕೊಟ್ಟ. ಒಂದು ಬೆಳಿಗ್ಗೆ ನೋಡುತ್ತಾನೆ, ಮೇಲಿನ ಚಿಪ್ಪಿನ ಹಣ್ಣೊಂದು ಸಿಪ್ಪೆ ಬಿರಿದು ನಿಂತಿದೆ. ಗಿಡ್ಡ, ದಪ್ಪ. ಕಿತ್ತು ಬಾಯಿಗಿಟ್ಟ. ಜೇನಿನಂಥ ಸಿಹಿ, ಹಿಂದೆ ಸ್ವಲ್ಪ ಹುಳಿ. ಹಲ್ಲಿನ ಕೆಳಗೆ ಏನೋ ಕಟಕ್ ಎಂದಿತು.

ಅವನು ಹಳ್ಳದ ದಂಡೆಯಲ್ಲೇ ಕೂತ. ಇದು ಅದೇನಾ? ಅವನಿಗೆ ಹೇಗೆ ಗೊತ್ತಾಗಬೇಕು? ಆ ರುಚಿ ಗೊತ್ತಿದ್ದ ನಾಲಿಗೆ ಒಂದೇ, ಅದು ಈಗ ಎಲ್ಲಿದೆಯೋ.

ಅತ್ತಿಗೆ ಬಂದು, ಹಣ್ಣನ್ನೂ ಅವನ ಮುಖವನ್ನೂ ನೋಡಿದಳು. "ಪೇಟೆ ಬಸ್ ನಿಲ್ದಾಣದ ಹಿಂದಿನ ಬೀದಿ, ಟೈರ್ ಅಂಗಡಿ ಮೇಲಿನ ಮನೆ," ಎಂದಳು.

"ಏನದು?"

"ಲಾರಿಯಮ್ಮನ ಮಗಳ ಮನೆ. ಆ ಗುಂಗುರುಕೂದಲಿನವನನ್ನ ನಾನೇ ಕೇಳಿ ಇಟ್ಟುಕೊಂಡಿದ್ದೆ. ನಿನಗಂತೂ ನಾಲಿಗೆ ಕೊಡೋದನ್ನ ದೇವರು ಮರೆತಿದ್ದಾನೆ. ಏಳು. ಈ ಹಣ್ಣು ನಿನ್ನ ಹಾಗೆ ವರ್ಷಗಟ್ಟಲೆ ಕಾಯಲ್ಲ."

ಬುಟ್ಟಿಯಲ್ಲಿ ಒಣಎಲೆ ಹಾಸಿ, ಎರಡು ಚಿಪ್ಪು ಇಟ್ಟು, ಕಂದಪ್ಪ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹಣ್ಣುಗಳು ಒಂದೊಂದೇ ಬಿರಿದು, ಬಸ್ಸೆಲ್ಲ ಘಮ್ಮೆಂದಿತು. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಟೈರ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರೆ, ಹೆಗಲ ಮೇಲೆ ಹಸುಗೂಸನ್ನು ಹಾಕಿಕೊಂಡು, ಒಂದು ಕಾಲು ಎಳೆಯುತ್ತ ಬಂದು ಬಾಗಿಲು ತೆಗೆದವಳು ಲಾರಿಯಮ್ಮನೇ.

ಅವಳು ಕೂಸಿನ ಬೆನ್ನು ತಟ್ಟುತ್ತ ಅವನನ್ನು ನೋಡಿದಳು. ಆಮೇಲೆ ಪಿಸುಮಾತಿನಲ್ಲಿ, "ಈಗ ತಾನೇ ಮಲಗಿದೆ. ಸದ್ದು ಮಾಡಬೇಡಿ," ಎಂದಳು.

ಒಂದೇ ಕೋಣೆಯ ಮನೆ. ಹಗ್ಗದ ತುಂಬ ಪುಟ್ಟ ಬಟ್ಟೆಗಳು. ಕೆಳಗಿನಿಂದ ಟೈರಿಗೆ ಗಾಳಿ ತುಂಬುವ ಯಂತ್ರದ ಸದ್ದು ಬರುತ್ತಿತ್ತು. ಮಗುವನ್ನು ಮಲಗಿಸಿ ಅವಳು ಅವನ ಎದುರು ಕೂತಳು.

"ಮಂಡಿ ಕೈಕೊಡ್ತು. ಕ್ಲಚ್ಚು ತುಳಿಯೋಕಾಗ್ತಿರಲಿಲ್ಲ. ಅಷ್ಟರಲ್ಲಿ ಮಗಳಿಗೂ ದಿನ ತುಂಬೋ ಮೊದಲೇ ಹೆರಿಗೆ ಆಯ್ತು. ಹೇಳಿ ಹೋಗೋಕೆ ಬರಬೇಕು ಅಂತಲೇ ಇದ್ದೆ." ಅವಳು ನೆಲ ನೋಡಿದಳು. "ಬಂದ್ರೆ ವಾಪಸ್ ಬರೋದು ಕಷ್ಟ ಅನ್ನಿಸ್ತು."

ಕಂದಪ್ಪ ಬುಟ್ಟಿಯನ್ನು ಅವಳ ಮುಂದೆ ಸರಿಸಿದ. ಅವಳು ಬಿರಿದ ಸಿಪ್ಪೆಯನ್ನು ನೋಡಿದಳು, ಮೂಸಿದಳು. ಎಂದಿನ ಹಾಗೆ ಕಣ್ಣುಮುಚ್ಚಿ ತಿಂದಳು. ಬೀಜ ಕಟಕ್ ಎಂದದ್ದು ಅವನಿಗೂ ಕೇಳಿಸಿತು. ಅವಳು ಕಣ್ಣು ಬಿಟ್ಟಾಗ ಅವು ತುಂಬಿದ್ದವು.

"ಇದೇನಾ?" ಎಂದ.

"ಗೊತ್ತಾಗ್ತಿಲ್ಲ."

"ಅಂದ್ರೆ?"

"ಅದರ ರುಚಿ ನನಗೆ ಮರೆತುಹೋಗಿದೆ ಕಂದಪ್ಪನವರೇ. ಮರೆತು ಎಷ್ಟೋ ಕಾಲ ಆಯ್ತು. ನೀವು ತಂದುಕೊಟ್ಟಿದ್ದನ್ನೆಲ್ಲ ತಿಂತಾ ತಿಂತಾ, ಈಗ ಬಾಳೆಹಣ್ಣು ಅಂದ ಕೂಡಲೇ ಅಜ್ಜಿ ಹಿತ್ತಲು ನೆನಪಾಗಲ್ಲ. ನಿಮ್ಮ ಆ ತಗಡಿನ ಶೆಡ್ಡೇ ಕಣ್ಮುಂದೆ ಬರುತ್ತೆ."

"ಮತ್ತೆ ಪ್ರತಿಸಲ ಇದಲ್ಲ ಅಂತಿದ್ರಿ?"

"ಇದೇ ಅಂದುಬಿಟ್ರೆ, ಆಮೇಲೆ ನೀವ್ಯಾಕೆ ತರ್ತಿದ್ರಿ?"

ಕಂದಪ್ಪ ನಕ್ಕುಬಿಟ್ಟ. ಅಷ್ಟು ವರ್ಷ ಹೊರಬರದ ಮಾತು ಆ ಹಸುಗೂಸಿನ ಒದ್ದೆಬಟ್ಟೆಗಳ ಕೆಳಗೆ ಸಲೀಸಾಗಿ ಬಂತು.

"ನಮ್ಮನೆಗೆ ಬಂದುಬಿಡಿ. ಗೊನೆ ಒಯ್ಯೋಕಲ್ಲ. ಇರೋಕೆ."

ಅವಳು ಮಗುವಿನ ಕಡೆ ತಿರುಗಿದಳು. ಅದರ ಮುಷ್ಟಿ ಬಿಗಿಯಾಗಿತ್ತು. "ಮಗಳು ಕೆಲಸಕ್ಕೆ ಹೋಗ್ತಾಳೆ, ಅಳಿಯ ಹಡಗಿನಲ್ಲಿ, ವರ್ಷಕ್ಕೊಮ್ಮೆ ಬಂದ್ರೆ ಹೆಚ್ಚು. ಇದನ್ನ ಬಿಟ್ಟು ಹ್ಯಾಗೆ ಬರಲಿ? ಈಗ ಆಗಲ್ಲ." ಆಮೇಲೆ, ಅವನು ತಪ್ಪು ತಿಳಿದಾನೆಂಬ ಭಯಕ್ಕೋ ಏನೋ, ಅವನ ಮುಂಗೈ ಹಿಡಿದುಕೊಂಡಳು. "ಬೇಡ ಅಂತ ಹೇಳ್ತಿಲ್ಲ. ಈಗ ಆಗಲ್ಲ ಅಂತಷ್ಟೇ ಹೇಳ್ತಿದ್ದೀನಿ."

ಮಗು ಎದ್ದು ಅಳತೊಡಗಿತು. ಅವಳು ಅದನ್ನೆತ್ತಿಕೊಂಡು ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟಳು.

ಆ ಮೇಲೆ ಕಂದಪ್ಪ ಆಗಾಗ ಬುಟ್ಟಿ ಹಿಡಿದು ಪೇಟೆಗೆ ಹೋಗಿಬರುತ್ತಿದ್ದ. ಮಗಳು ಕೆಲಸದಿಂದ ಬಂದಿದ್ದರೆ ಅವನೂ ಲಾರಿಯಮ್ಮನೂ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಗುವಿಗೆ ಹಲ್ಲು ಬಂದದ್ದು, ಪಚ್ಚಬಾಳೆಗೆ ಎಲೆಚುಕ್ಕೆ ಬಿದ್ದದ್ದು, ಇಂಥವೇ ಮಾತು. ಬಸ್ಸಿನ ಹೊತ್ತಾಗುತ್ತಿದ್ದ ಹಾಗೆ ಮಾತು ನಿಲ್ಲುತ್ತಿತ್ತು. ಎದ್ದು ಹೋಗುವುದು ಪ್ರತಿಸಲವೂ ಅಷ್ಟೇ ಕಷ್ಟವಾಗುತ್ತಿತ್ತು. ರೂಢಿಯಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ.

ಮಗು ನಡೆಯಲು ಕಲಿತ ಮೇಲೆ ಒಂದು ರಜೆಯ ದಿನ ಅವಳು ಅದನ್ನು ಕರೆದುಕೊಂಡು ತೋಟಕ್ಕೇ ಬಂದಳು. ಇಷ್ಟು ವರ್ಷ ಬಂದುಹೋಗಿದ್ದರೂ ಶೆಡ್ಡು ದಾಟಿ ಒಳಗೆ ಕಾಲಿಟ್ಟಿರಲಿಲ್ಲ. ಕಂದಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಪ್ರತಿಯೊಂದು ಗಿಡದ ಹತ್ತಿರ ನಿಂತು ತೋರಿಸಿದ. ಇದು ಗುಡ್ಡದಾಚೆಯದು, ಇದು ಬಾವಿಕಟ್ಟೆಯದು, ಇದನ್ನು ತರುವಾಗ ನಾಯಿ ಅಟ್ಟಿಸಿಕೊಂಡು ಬಂದಿತ್ತು. ಅವಳು ಕಾಲೆಳೆಯುತ್ತ ಹಿಂದೆ ಬರುತ್ತಿದ್ದಳು. ಒಂದೊಂದು ಗಿಡವನ್ನೂ ಅಂಗೈಯಿಂದ ಮುಟ್ಟಿದಳು. ತನಗಾಗಿ ನೆಟ್ಟದ್ದು ಇಷ್ಟಿದೆ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು.

ಸಂಜೆಯ ಬಸ್ಸಿಗೆ ಹೊರಟರು. ಬಸ್ಸು ನಿಂತಾಗ ಅವಳು ಹತ್ತುವ ಮೊದಲು, "ಇದು ಶಾಲೆಗೆ ಹೋಗೋ ಹಾಗಾಗಲಿ," ಎಂದಳು. ಅಷ್ಟೇ. ಕಂದಪ್ಪ ಹೂಂ ಎಂದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ರಸ್ತೆಯಲ್ಲೇ ನಿಂತಿದ್ದ. ಧೂಳು ಕೂತಿತು, ಬೆಳಕು ಇಳಿಯಿತು. ಮಗು ಹಿಡಿದೆಳೆದಿದ್ದ ಕಡೆ ಕೂದಲ ಬುಡ ಇನ್ನೂ ನೋಯುತ್ತಿತ್ತು.

ಮನೆಗೆ ಬಂದರೆ ಅತ್ತಿಗೆ ಬಹಳ ದಿನದಿಂದ ಗೊಬ್ಬರದ ಚೀಲ ತುಂಬಿಟ್ಟಿದ್ದ ಹಿಂದಿನ ಕೋಣೆಯ ಬಾಗಿಲು ತೆಗೆದು ಗುಡಿಸುತ್ತಿದ್ದಳು.

"ಇನ್ನೂ ವರ್ಷಗಳಿವೆ ಅತ್ತಿಗೆ," ಎಂದ ಅವನು.

"ಇರಲಿ. ಆ ಕಿಟಕಿ ನೋಡು, ಮಳೆಗೆ ಉಬ್ಬಿ ಮುಚ್ಚೋಕೇ ಬರಲ್ಲ. ನಿನ್ನ ಕೈಲಿ ಅದು ಸರಿಯಾಗಬೇಕಾದ್ರೆ ಅಷ್ಟು ವರ್ಷ ಬೇಕೇ ಬೇಕು."

ಕಂದಪ್ಪ ಚೀಲಗಳನ್ನು ಒಂದೊಂದಾಗಿ ಹೊರಗೆ ಹೊರತೊಡಗಿದ.