ಬಚ್ಚಿಟ್ಟ ಕಾರ್ಡು

"ತೊಳೀಬ್ಯಾಡ, ಎಸಿ ಅತ್ಲಾಗೆ! ದೇವಸ್ಥಾನಕ್ಕೆ ಹೋಗೋ ಕಾಯಿ ಕಣೇ ಅವು. ನಿನ್ ಮಗನ ಮೈಲಿಗೆ ರಕ್ತಾನ ದೇವ್ರಿಗೆ ಮೆತ್ತೀಯೇನೇ ಬೋಸುಡಿ? ಹೆತ್ತಿದ್ದೂ ಹೆತ್ತೆ, ಸೋರೋ ಗಡಿಗೆ ಹೆತ್ತೆ!"

ಸಿಂಗಟಗೆರೆಯ ತೋಟದ ಒಡೆಯ ಈರಭದ್ರಪ್ಪ ಕಿರುಚುತ್ತಿದ್ದರೂ, ಕೂಲಿಯ ಕಾಮಾಕ್ಷಮ್ಮ ರಕ್ತ ಮೆತ್ತಿದ ಕಾಯಿಗಳಿಂದ ತಲೆಯೆತ್ತಲಿಲ್ಲ. ತೆಂಗಿನಕಾಯಿ ಸುಲಿಯುತ್ತಿದ್ದ ಮಗ ಪರಮೇಶ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ ಅಂಗೈಯನ್ನು ಗೀರಿತ್ತು. ಅನ್ಯರಿಗೆ ಅರೆಗಳಿಗೆಯಲ್ಲಿ ಹೆಪ್ಪುಗಟ್ಟುವ ರಕ್ತ ಇಪ್ಪತ್ತಾರರ ಪರಮೇಶನಿಗೆ ಹುಟ್ಟಿನಿಂದಲೂ ಕಟ್ಟುತ್ತಿರಲಿಲ್ಲ. ಈರಭದ್ರಪ್ಪ ತನ್ನ ಪಿಕಪ್ಪಿಗೆ ರಕ್ತ ಅಂಟದಿರಲೆಂದು ಗೋಣಿಚೀಲ ಹಾಸಿಸಿ, ಅವನನ್ನು ಕಡೂರಿನ ಆಸ್ಪತ್ರೆಗೆ ಹಾಕಿಕೊಂಡು ಬಂದ.

"ಅಪೆಂಡಿಕ್ಸ್ ಒಡೆಯೋ ಹಾಗಿದೆ, ಈಗಲೇ ಆಪರೇಷನ್ ಆಗಬೇಕು," ಎಂದರು ಡಾಕ್ಟರ್ ಪ್ರಸನ್ನಕುಮಾರ್. "ಹಿಮೋಫಿಲಿಯಾ ಅಂದ್ರಲ್ಲ, ರಕ್ತ ಕಟ್ಟೋಕೆ ಫ್ಯಾಕ್ಟರ್ ಕೊಟ್ಟು ಶುರು ಮಾಡ್ತೀವಿ. ಶಿವಮೊಗ್ಗದಲ್ಲಿ ಕೊಟ್ಟ ಕಾರ್ಡ್ ಎಲ್ಲಮ್ಮಾ?"

ಕಾರ್ಡು ಕಾಮಾಕ್ಷಮ್ಮನ ಸೀರೆಯ ಮಡಿಲಿನಲ್ಲೇ ಇತ್ತು. ಅದರಲ್ಲಿದ್ದ ಎರಡು ಸಾಲನ್ನು ಶಿವಮೊಗ್ಗದ ಡಾಕ್ಟರು ಓದಿ ಹೇಳಿದ್ದರು. ಮೇಲಿನದು: ಈ ರೋಗಿಯ ಮೈ ಮಾಮೂಲಿ ಫ್ಯಾಕ್ಟರನ್ನು ಕೊಂದುಹಾಕುತ್ತದೆ, ಬೇರೆ ಔಷಧಿ ಕೈಯಲ್ಲಿರದೆ ಶಸ್ತ್ರ ಮುಟ್ಟಿಸಕೂಡದು. ಕೆಳಗಿನದು: ತಾಯಿಯಿಂದ ಬಂದದ್ದು, ತಂಗಿಯ ಗಂಡುಮಕ್ಕಳಿಗೂ ಬರಬಹುದು, ಅವಳನ್ನೂ ಪರೀಕ್ಷಿಸಬೇಕು.

ಸುದ್ದಿ ಕೇಳಿ ಅಜ್ಜಂಪುರದಿಂದ ಬಂದಿದ್ದ ರಾಧಮ್ಮ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಈರಭದ್ರಪ್ಪನ ಮಾತಿನ ಮೇಲೆ ಕಾಮಾಕ್ಷಮ್ಮನ ಮಗಳು ನಿಶ್ಚಿತಾಳನ್ನು ಸೊಸೆಯಾಗಿ ಒಪ್ಪಿದ್ದವಳು. ಪರಮೇಶನ ಕಾಯಿಲೆ ಮರದಿಂದ ಬಿದ್ದು ಬಂದದ್ದೆಂದು ಅವಳಿಗೆ ಹೇಳಿತ್ತು.

"ಕಳ್ದೋಯ್ತು ಸಾ," ಎಂದಳು ಕಾಮಾಕ್ಷಮ್ಮ.

ಔಷಧಿ ಇಳಿಯತೊಡಗಿತು. ಪರಮೇಶ ತಾಯಿಯ ಬೆರಳು ಹಿಡಿದ.

"ಅವ್ವಾ, ಇದು ನಂಗೆ ಹಿಡ್ಯಲ್ವಲ್ಲ."

ಅವಳು ಗೋಡೆ ನೋಡಿದಳು.

"ಆಯ್ತು ಬಿಡು. ನಿಶ್ಚಿತಂಗೋಸ್ಕರ ನಾನೂ ಸುಮ್ಕಿರ್ತೀನಿ."

ಒಂದು ಗಂಟೆಯ ಮೇಲೆ ಅವನ ಗಾಲಿಮಂಚ ಆಪರೇಷನ್ ಕೋಣೆಯತ್ತ ಹೊರಟಿತು. ಪರೀಕ್ಷೆಗೆಂದು ಮೊಣಕೈಯಲ್ಲಿ ಸೂಜಿ ಚುಚ್ಚಿದ್ದ ಜಾಗದ ಹತ್ತಿ ನೆನೆದು, ನೆಲದ ಮೇಲೆ ಒಂದು ತೊಟ್ಟು ಬಿತ್ತು. ಈರಭದ್ರಪ್ಪ ಪಂಚೆಯೆತ್ತಿ ಹಿಂದೆ ಸರಿದ.

"ಥೂ! ಇಲ್ಲೂ ಸೋರ್ತಾನಲ್ಲೇ!"

ಮತ್ತೊಂದು ತೊಟ್ಟು ಬಿತ್ತು. ಕಾಮಾಕ್ಷಮ್ಮ ಮಂಚದ ಗಾಲಿಗೆ ಕಾಲು ಅಡ್ಡ ಕೊಟ್ಟಳು.

"ಕೊಯ್ಬ್ಯಾಡಿ ಸಾ! ಸುಳ್ಳೇಳ್ದೆ. ಕಾರ್ಡ್ ಐತೆ."

ಓದುತ್ತಿದ್ದಂತೆ ಡಾಕ್ಟರರ ಮುಖ ಬಿಳಿಚಿತು. "ಏನಮ್ಮಾ ನೀನು! ಕೊಯ್ದಿದ್ರೆ ನಿಲ್ಲಿಸೋರು ಯಾರು? ಆ ಔಷಧಿ ಇಲ್ಲಿಲ್ಲ. ಶಿವಮೊಗ್ಗಕ್ಕೆ ಫೋನ್ ಮಾಡ್ತೀನಿ. ಅಲ್ಲಿಗೆ ಮುಟ್ಟೋವರೆಗೆ ಒಡೆಯದಿದ್ರೆ ಸಾಕು."

"ಏನ್ ಬರ್ದೈತೆ ಅದ್ರಾಗೆ?" ರಾಧಮ್ಮ ಮುಂದೆ ಬಂದಳು.

"ನನ್ ರಕ್ತದಿಂದ ಬಂತು ಅಂತ ಬರ್ದೈತೆ ಕಣಮ್ಮಾ. ಮಗಳ್ನೂ ಪರೀಕ್ಷೆ ಮಾಡ್ಸು ಅಂತ ಬರ್ದೈತೆ."

ರಾಧಮ್ಮ ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು, ತಿರುಗಿ ನೋಡದೆ ನಡೆದಳು.

"ಮಾನಗೆಟ್ಟೋಳೆ! ನಾನ್ ಕುದುರ್ಸಿದ್ ಸಂಬಂಧ ಕಣೇ! ನನ್ ಮಕಕ್ಕೆ ಸಗಣಿ ಬಳಿದ್ಯಲ್ಲೇ!"

ಕಾಮಾಕ್ಷಮ್ಮ ಈರಭದ್ರಪ್ಪನ ಹೆಗಲಿಗೆ ಕೈಹಾಕಿ, ಬಿಳಿಯ ಟವಲನ್ನು ಸೆಳೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಮಗನ ಮೊಣಕೈಗೆ ಒತ್ತಿದಳು.

"ಮೈಲಿಗೆ ಆಯ್ತು ಗೌಡ್ರೆ. ಇನ್ನಿದು ನಿಮಗ್ಬ್ಯಾಡ."

ಆ್ಯಂಬುಲೆನ್ಸು ತರೀಕೆರೆ ದಾಟುವ ಹೊತ್ತಿಗೆ ಮೂರು ಮಡಿಕೆ ಕೆಂಪಾಗಿದ್ದವು.