ನೆಪ ಕೊಡದ ಯಂತ್ರ

"ಶಾಲೆಗೆ ಬೆನ್ನು ತೋರಿಸಿ ಓಡಿ ಬಂದವನ ಕೈಗೆ ಮದ್ದು ಕೊಟ್ರೆ ಇನ್ನೇನಾಗುತ್ತೆ? ಇವನು ತುಂಬಿದ ತೋಟಾನ ನಾನು ಪಾಳುಗೋಡೆಗೂ ಹೊಡೆಯಲ್ಲ!"

ಹೇಳಿದವರು ಭಾವ. ಶೂಟಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ ಸಾಲಾಗಿ ಮಲಗಿ ಗುರಿಯಿಡುತ್ತಿದ್ದವರೆಲ್ಲ ಕಿವಿಯ ಮುಚ್ಚಳ ಸರಿಸಿ ಕೇಳುವಷ್ಟು ಜೋರಾಗಿಯೇ ಹೇಳಿದರು. ಯಾರೋ ಕಿಸಕ್ಕನೆ ನಕ್ಕರು. ಭಾವ ಅಲ್ಲಿಯ ಕೋಚು. ಅವರು ಜೋಕು ಹೊಡೆದ ಮೇಲೆ ನಗದಿದ್ದರೆ ಹೇಗೆ?

ಅವರ ಬೆರಳುಗಳ ನಡುವೆ ಒಂದು ಖಾಲಿ ತೋಟಾ ಇತ್ತು, ಅಕ್ಕ ಆಗಷ್ಟೇ ಹಾರಿಸಿದ್ದು. ಹಾರಿಸಿದ ಮೇಲೆ ರೈಫಲ್ಲಿನ ಬೋಲ್ಟು, ತೋಟಾವನ್ನು ಹಿಂದಿನಿಂದ ಮುಚ್ಚುವ ಅಗುಳಿ, ಕಚ್ಚಿಕೊಂಡುಬಿಟ್ಟಿತ್ತು. ಅಂಗೈಯಿಂದ ಗುದ್ದಿ ಗುದ್ದಿ ತೆರೆಯಬೇಕಾಯಿತು. ಹೊರಗೆ ಬಂದ ತೋಟಾದ ತಳ ಇಸ್ತ್ರಿ ಹಾಕಿದಂತೆ ಚಪ್ಪಟೆಯಾಗಿತ್ತು. ಒಳಗಿನ ಒತ್ತಡ ಮಿತಿ ಮೀರಿತ್ತು ಎಂದು ಅದರ ಅರ್ಥ. ಇನ್ನಷ್ಟು ಮೀರಿದರೆ ಬೋಲ್ಟು ಹಿಂದಕ್ಕೆ ಸಿಡಿಯಬಹುದು. ಬೋಲ್ಟಿನ ಹಿಂದೆ ಇರುವುದು ಅಕ್ಕನ ಕಣ್ಣು.

ಆ ತೋಟಾ ತುಂಬಿದವನು ನಾನೇ.

ಸಿಟ್ಟಿನಿಂದ ನನ್ನ ಕಿವಿ ಸುಡುತ್ತಿತ್ತು. ಮರುದಿನವೇ ಆಯ್ಕೆ ಪಂದ್ಯ. ಅಂಗಡಿಯ ತೋಟಾ ಹಾಕಿದರೆ ಅಕ್ಕನ ರೈಫಲ್ಲು ಗುಂಡನ್ನು ಎರಚಾಡುತ್ತದೆ, ನಾನು ತುಂಬಿದ್ದು ಹಾಕಿದರೆ ಮಾತ್ರ ಗುಂಡು ಹೇಳಿದ ಜಾಗಕ್ಕೆ ಬೀಳುತ್ತದೆ. ಒಂದು ಡಬ್ಬಿ ತುಂಬಿಕೊಟ್ಟಿದ್ದೆ.

"ಬೈಗುಳ ಆಮೇಲಿಟ್ಕೊಳ್ಳಿ. ಗುಂಡು ಎಷ್ಟು ವೇಗದಲ್ಲಿ ಹೋಗ್ತಿದೆ ಅಂತ ಅಳೆದ್ರೆ ಗೊತ್ತಾಗುತ್ತಲ್ಲ, ಮದ್ದು ಜಾಸ್ತಿ ಆಗಿದೆಯೋ ಇಲ್ವೋ ಅಂತ" ಎಂದಳು ಅಕ್ಕ.

"ಯಾವುದರಲ್ಲಿ ಅಳೀಲಿ? ವೇಗ ಅಳೆಯೋ ಕ್ಲಬ್ಬಿನ ಕ್ರೋನೋಗ್ರಾಫಿನ ಹಣೆಗೇ ಗುಂಡು ಹೊಡೆದು ಮಲಗಿಸಿದ್ದಾರೆ ನಮ್ಮ ಶೂರರು." ಭಾವ ನನ್ನ ಕಡೆ ತಿರುಗಿದರು. "ಹೋಗೋ ಪಟಾಕಿ, ಹೊಸದೊಂದು ಆರಿಸ್ಕೊಂಡು ಬಾ. ಅಷ್ಟಾದ್ರೂ ಬರುತ್ತೆ ತಾನೇ?"

ಬಂದೂಕಿನ ಅಂಗಡಿಯ ಮುದುಕ ಗಾಜಿನ ಮೇಜಿನ ಮೇಲೆ ಮೂರು ಬಗೆ ಇಟ್ಟ.

ಮೊದಲನೆಯದಕ್ಕೆ ಎರಡು ಕಣ್ಣು, ತಲೆಯ ಮೇಲೆ ಪುಟ್ಟ ಚಪ್ಪರ. ಗುಂಡಿನ ನೆರಳು ಮೊದಲ ಕಣ್ಣಿನಿಂದ ಎರಡನೆಯದಕ್ಕೆ ಬರಲು ಎಷ್ಟು ಹೊತ್ತಾಯಿತೆಂದು ನೋಡಿ ವೇಗ ಹೇಳುತ್ತದೆ.

"ಬಯಲಲ್ಲಿ ಒಳ್ಳೇದೇ. ಟ್ಯೂಬ್‌ಲೈಟ್ ಕೆಳಗಿಟ್ಟೆಯೋ, ಕುಡಿದವರ ಥರ ಬಾಯಿಗೆ ಬಂದಿದ್ದು ಹೇಳುತ್ತೆ" ಎಂದ.

ನಮ್ಮ ಶೆಡ್ಡಿನ ತುಂಬ ಟ್ಯೂಬ್‌ಲೈಟು. ಅದು ಗೊತ್ತಿದ್ದೂ ನನ್ನ ಕೈ ಅದರ ಕಡೆಗೇ ಹೋಯಿತು. ಇದನ್ನೇ ಒಯ್ದರೆ? ಅಂಕಿ ಕೆಟ್ಟದಾಗಿ ಬಂದರೆ 'ಅದು ಬೆಳಕಿನ ತಪ್ಪು' ಎಂದು ಭಾವನ ಮುಖಕ್ಕೆ ಎಸೆಯಬಹುದಲ್ಲ. ಹಾಗಂದುಕೊಂಡ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಎರಡನೆಯದನ್ನು ನಳಿಗೆಯ ತುದಿಗೆ ಪಟ್ಟಿಯಿಂದ ಬಿಗಿಯಬೇಕು. ಅದರಲ್ಲಿರುವ ಆಯಸ್ಕಾಂತಕ್ಕೆ ಬೆಳಕಿನ ಹಂಗಿಲ್ಲ. ಆದರೆ ಅಕ್ಕನ ರೈಫಲ್ಲಿನ ನಳಿಗೆ ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಪಟ್ಟಿ ಜಾರಿ ಓರೆಯಾದರೆ ಗುಂಡು ಯಂತ್ರವನ್ನೇ ಸೀಳಿಕೊಂಡು ಹೋಗುತ್ತದೆ. ಅಕ್ಕನ ಮುಖದ ಮುಂದೆ ಇನ್ನೊಂದು ಸಿಡಿಯುವ ವಸ್ತು ನನಗೆ ಬೇಕಿರಲಿಲ್ಲ.

ಮೂರನೆಯದು ರಾಡಾರಿನದು, ಟಿಫಿನ್ ಡಬ್ಬಿಯಷ್ಟಿತ್ತು. ರೈಫಲ್ಲಿನ ಪಕ್ಕದಲ್ಲಿಟ್ಟರೆ ಸಾಕು, ಹಾರಿಹೋಗುವ ಗುಂಡನ್ನು ಹಿಂದಿನಿಂದಲೇ ಅಳೆಯುತ್ತದೆ.

"ಇದರಲ್ಲೇನು ಕೊಂಕು?" ಎಂದೆ.

"ಪಕ್ಕದವನು ಹಾರಿಸಿದ್ರೆ ಅವನದನ್ನೂ ನಿನ್ನ ಲೆಕ್ಕಕ್ಕೇ ಹಾಕಿಬಿಡುತ್ತೆ. ಅವರನ್ನ ಸುಮ್ನಿರಿಸಿಬಿಟ್ರೆ ಇದರ ಮಾತಿಗೆ ಎದುರಿಲ್ಲ."

ನಾನು ಮತ್ತೆ ಎರಡು ಕಣ್ಣಿನದನ್ನು ನೋಡಿದೆ. ಮುದುಕ ನನ್ನನ್ನು ನೋಡಿದ.

"ಅದಿರಲಿ ಮಗಾ, ನಿಂಗೆ ಬೇಕಾಗಿರೋದು ಅಳೆಯೋ ಮಿಷನ್ನೋ, ವಕೀಲನೋ?"

ರಾಡಾರಿನದನ್ನೇ ಎತ್ತಿಕೊಂಡೆ.

ಶೆಡ್ಡಿನಲ್ಲಿ ಭಾವ ಎಲ್ಲರ ಬಂದೂಕುಗಳನ್ನೂ ಕೆಳಗಿಡಿಸಿದರು. "ನಮ್ಮ ವಿಜ್ಞಾನಿಗಳ ಪ್ರಯೋಗ, ಎಲ್ಲರೂ ಬನ್ನಿ" ಎಂದು ಕರೆದರು. ಜನ ಸುತ್ತ ನೆರೆದರು. ಡಬ್ಬಿಯಲ್ಲಿ ನಾನು ತೋಟಾಗಳನ್ನು ತುಂಬಿದ ಕ್ರಮದಲ್ಲೇ ಜೋಡಿಸಿದ್ದೆ. ಅಕ್ಕ ಅದೇ ಕ್ರಮದಲ್ಲಿ ಒಂದೊಂದಾಗಿ ತೆಗೆದುಕೊಂಡಳು.

ಢಂ. ಪರದೆಯ ಮೇಲೆ ಎಂಟುನೂರ ಇಪ್ಪತ್ತೈದು. ಢಂ. ಇಪ್ಪತ್ತಾರು. ಢಂ. ಇಪ್ಪತ್ತನಾಲ್ಕು. ಸೆಕೆಂಡಿಗೆ ಅಷ್ಟು ಮೀಟರ್. ತೋಟಾ ತುಂಬುವವರ ಪುಸ್ತಕ ಹೇಳುವ ಮಿತಿಯ ಒಳಗೇ ಇತ್ತು.

ಢಂ. ಎಂಟುನೂರ ಒಂದು.

"ಇದೇನು ಮುಗ್ಗರಿಸ್ತು?" ಎಂದರು ಯಾರೋ.

ಢಂ. ಎಂಟುನೂರ ನಲವತ್ತೊಂಬತ್ತು. ಬೋಲ್ಟು ಮತ್ತೆ ಕಚ್ಚಿಕೊಂಡಿತು. ಅಕ್ಕ ಅಂಗೈಯಿಂದ ಗುದ್ದಿದಳು. ಪ್ರತಿ ಗುದ್ದೂ ನನ್ನ ಎದೆಗೆ ಬಿದ್ದಂತಾಯಿತು.

ಭಾವ ಪರದೆಯ ಗುಂಡಿ ಒತ್ತಿದರು. ಸರಾಸರಿ ಮೂಡಿತು: ಎಂಟುನೂರ ಇಪ್ಪತ್ತೈದು.

"ಲೇ! ಸರಾಸರಿ ಚಿನ್ನ ಕಣೋ!" ಭಾವ ನನ್ನ ಬೆನ್ನಿಗೆ ಒಂದು ಬಿಟ್ಟರು. "ಬಾಯಿ ತಪ್ಪಿ ಏನೋ ಅಂದುಬಿಟ್ಟೆ. ಬೋಲ್ಟಿಗೆ ಕೊಳೆ ಕೂತಿರಬೇಕು, ಒರೆಸಿದ್ರೆ ಆಯ್ತು. ನೋಡ್ರಪ್ಪಾ, ನಮ್ಮ ಭಾವಮೈದ ಅಂದ್ರೆ ಸುಮ್ನೇನಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಕಿಸಕ್ಕನೆ ನಕ್ಕವನು ಎಲ್ಲರಿಗಿಂತ ಜೋರಾಗಿ ತಟ್ಟಿದ.

ನನಗೆ ಕಾಣುತ್ತಿದ್ದುದು ಆ ಎರಡೇ ಅಂಕಿ. ಒಂದು ಎಷ್ಟು ಇಳಿದಿತ್ತೋ ಅದರ ಬೆನ್ನಿಗಿದ್ದದ್ದು ಅಷ್ಟೇ ಏರಿತ್ತು. ಒಂದರ ಬಾಯಿಂದ ಕಿತ್ತು ಇನ್ನೊಂದರ ಬಾಯಿಗೆ ತುರುಕಿದ ಹಾಗೆ. ಮದ್ದು ತೂಗುವ ತಕ್ಕಡಿಯಲ್ಲಿ ನಾನು ತಪ್ಪಿರಲಿಲ್ಲ. ಎಡವಿದ್ದು ತಟ್ಟೆಯಿಂದ ತೋಟಾಕ್ಕೆ ಇಳಿಯುವ ದಾರಿಯಲ್ಲಿ, ನಾನು ಹೊಸದಾಗಿ ತಂದ ಪ್ಲಾಸ್ಟಿಕ್ ಲಾಳಿಕೆಯಲ್ಲಿ. ಒಣ ಹವೆಯಲ್ಲಿ ಕೂದಲು ಬಾಚಣಿಗೆಗೆ ಅಂಟುವಂತೆ ಮದ್ದಿನ ಕಾಳು ಅದರ ಕತ್ತಿನಲ್ಲಿ ಅಂಟಿ ಕೂತು, ಮುಂದಿನ ತೋಟಾಕ್ಕೆ ಒಟ್ಟಿಗೇ ಸುರಿದಿತ್ತು. ಒಟ್ಟು ಮದ್ದು ಅಷ್ಟೇ. ಹಾಗಾಗಿ ಸರಾಸರಿ ಚಿನ್ನ. ಆದರೆ ಅಕ್ಕ ಹಾರಿಸುವುದು ಸರಾಸರಿಯನ್ನಲ್ಲ, ಒಂದೊಂದೇ ತೋಟಾವನ್ನು. ಉಳಿದವುಗಳಲ್ಲಿ ಯಾವುದರ ಹೊಟ್ಟೆ ಉಬ್ಬಿದೆಯೋ ಹೊರಗಿನಿಂದ ನೋಡಿ ಯಾವ ದೇವರೂ ಹೇಳಲಾರ.

ಬಾಯಿ ಮುಚ್ಚಿಕೊಂಡಿದ್ದರೆ ಆ ದಿನ ನಾನು ಗೆದ್ದವನು. ಮಾನ ವಾಪಸು ಬಂದಿತ್ತು, ಅದೂ ಎಲ್ಲರ ಎದುರಿಗೆ. ಹೊಸದಾಗಿ ತುಂಬಿ ಅಳೆದು ನೋಡಲು ಹೊತ್ತಿರಲಿಲ್ಲ. ಡಬ್ಬಿ ಎತ್ತಿಕೊಂಡರೆ ಅಕ್ಕ ನಾಳೆ ಎರಚಾಡುವ ಅಂಗಡಿ ತೋಟಾದಲ್ಲೇ ಪಂದ್ಯಕ್ಕಿಳಿಯಬೇಕು. ಅವಳು ಸೋತರೆ ಅದು ನನ್ನಿಂದ.

ಅಕ್ಕ ಮುಂದಿನ ತೋಟಾಕ್ಕೆ ಕೈಚಾಚಿದ್ದಳು. ನನ್ನ ಮುಖ ನೋಡಿ ಆ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಏನೋ ಪುಟ್ಟಾ?"

ನಾನು ಬಗ್ಗಿ ಅವಳ ಬೆರಳ ಕೆಳಗಿನಿಂದ ಡಬ್ಬಿಯನ್ನು ಎಳೆದುಕೊಂಡೆ. ಅದರಲ್ಲಿದ್ದ ಅಷ್ಟನ್ನೂ ಬಿಚ್ಚಿ ಮದ್ದು ಹೊರಗೆ ಸುರಿಯಬೇಕಿತ್ತು. ಅವಳು ತಡೆಯಲಿಲ್ಲ. ರೈಫಲ್ಲಿನ ಬೋಲ್ಟು ತೆರೆದು, ಒಳಗೆ ಏನೂ ಇಲ್ಲವೆಂದು ಬೆರಳಿಟ್ಟು ನೋಡಿ, ನೆಲಕ್ಕೆ ಇಟ್ಟಳು.

"ಏಯ್, ಎಲ್ಲಿಗೋ?" ಭಾವನ ದನಿ ಹಿಂದಿನಿಂದ ಬಂತು. "ಬೈದ್ರೂ ಸಿಟ್ಟು, ಹೊಗಳಿದ್ರೂ ಸಿಟ್ಟೇನೋ ನಿಂಗೆ? ನಾಳೆ ಇವಳು ಏನು ಕಲ್ಲು ಹೊಡೀಬೇಕಾ? ನಿನ್ನೇ ಕೇಳ್ತಿರೋದು ಕಣೋ!"

ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಡಬ್ಬಿಯನ್ನು ಎದೆಗೆ ಅವಚಿಕೊಂಡು ನಾನು ಶೆಡ್ಡಿನಿಂದ ಹೊರಗೆ ನಡೆದೆ.